ನನ್ನ ಮೈಕು, ಆಕೆಯ ಪ್ರಶ್ನೆ

ಮೈಕ್ ಸೆಟ್ ಬಾಡಿಗೆಗೆ ಕೊಡುವವನು ನಗಬೇಕೆಂದು ಎಲ್ಲಿಗೂ ಹೋಗಬೇಕಾಗಿಲ್ಲ. ವೈರು ಜೋಡಿಸಿ ಮೂಲೆಯಲ್ಲಿ ಸುಮ್ಮನೆ ಕುಳಿತರೆ ಸಾಕು, ಒಂದಲ್ಲ ಒಂದು ಫಜೀತಿ ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ. ಮದುವೆ, ಸೀಮಂತ, ನಿವೃತ್ತಿಯ ಸತ್ಕಾರ ಎಲ್ಲ ಕಂಡವನು ನಾನು. ಆದರೆ ಕಳೆದ ಬೇಸಿಗೆಯಲ್ಲಿ ಹವಾಮಾನ ಬದಲಾವಣೆಯ ಜಾಗೃತಿ ಸಭೆಗಳು ಶುರುವಾದ ಮೇಲೆ ನಕ್ಕಷ್ಟು ಹಿಂದೆಂದೂ ನಕ್ಕಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ಕೊನೆಗೆ ನಮ್ಮ ಬನಹಟ್ಟಿ, ನಾಲ್ಕೂ ಕಡೆ ಮೈಕು ನನ್ನದೇ.

ಆಮಂತ್ರಣ ಪತ್ರಿಕೆಯ ಕೊನೆಯ ಸಾಲಿನಲ್ಲಿ ‘ಸಾರ್ವಜನಿಕರೊಂದಿಗೆ ಸಂವಾದ’ ಎಂದು ಅಚ್ಚಾಗಿತ್ತು. ಅದನ್ನು ಓದಿದ್ದು ನಮ್ಮ ಮನೆಯಲ್ಲಿ ಒಬ್ಬಳೇ, ನನ್ನ ಹೆಂಡತಿ.

ಆಕೆ ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುತ್ತಾಳೆ. ಮಗ್ಗಗಳೆಲ್ಲ ಒಮ್ಮೆಲೇ ಬಡಿಯುವ ಜಾಗದಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ ಎರಡು ವಿದ್ಯೆ ಬರುತ್ತವೆ. ಒಂದು, ಮಗ್ಗದ ಸದ್ದನ್ನೂ ಮೀರಿ ಕೂಗುವುದು. ಎರಡು, ಎದುರಿನವರ ತುಟಿ ನೋಡಿಯೇ ಮಾತು ತಿಳಿಯುವುದು. ಹೀಗಾಗಿ ನಾನು ನನ್ನ ಮನೆಯಲ್ಲಿ ಗೊಣಗುವ ಹಾಗೂ ಇಲ್ಲ.

“ನಂದೊಂದು ಪ್ರಶ್ನಿ ಐತಿ, ಕೇಳ್ಕೊಂಡ ಬರ್ರಿ,” ಎಂದಳು. “ಬಿಸಲಾಗ ತಗಡಿನ ಶೆಡ್ಡು ಕಾದ್ರ ಎಳಿ ಪಟಪಟ ಹರೀತಾವು. ಎಳಿ ಹರೀಬಾರ್ದಂತ ನೆಲಕ್ಕ ನೀರ ಹೊಡೀತಾರ. ಮೊನ್ನಿ ಬಾಜೂ ಮಗ್ಗದಾಕಿ ತಲಿ ತಿರಗಿ ಬಿದ್ಲು, ಆಕಿಗೆ ಯಾರೂ ನೀರ ಹೊಡೀಲಿಲ್ಲ. ದಾರದ ಮ್ಯಾಲಿನ ಕಾಳಜಿ ನೇಯವ್ರ ಮ್ಯಾಲ ಯಾವಾಗ ಬರ್ತೈತಿ? ಇಷ್ಟ ಕೇಳ್ರಿ.”

ಊರಿಗೆಲ್ಲ ಧ್ವನಿ ಹಂಚುವವನಿಗೆ ಇದೇನು ದೊಡ್ಡ ಕೆಲಸ ಎಂದುಕೊಂಡು “ಆತು” ಎಂದುಬಿಟ್ಟೆ.

೧. ಯಾರ ಹವಾ?

ಮೊದಲ ಸಭೆ ಜಮಖಂಡಿಯಲ್ಲಿ. ಹಿಂದಿನ ದಿನ ಆಟೋದಲ್ಲಿ ಮೈಕು ಕಟ್ಟಿಕೊಂಡು ಪ್ರಚಾರಕ್ಕೆ ಹೊರಟೆ. ‘ಜಾಗತಿಕ ಹವಾಮಾನ ವೈಪರೀತ್ಯ ಕುರಿತ ವಿಚಾರ ಸಂಕಿರಣ’ ಎಂದು ಒದರಲು ಬರೆದು ಕೊಟ್ಟಿದ್ದರು. ಅಷ್ಟು ಹೇಳಿ ಮುಗಿಸುವುದರಲ್ಲಿ ಆಟೋ ಮುಂದಿನ ಓಣಿಗೆ ಹೋಗಿರುತ್ತಿತ್ತು. ನಾನೇ ಅದನ್ನು ಮೊಟಕು ಮಾಡಿ, “ಹವಾ ಬದಲಾಗೇತಿ! ನಾಳೆ ಎಲ್ಲಾರೂ ಬರ್ರಿ! ಹವಾ ಬದಲಾಗೇತಿ!” ಎಂದು ಕೂಗತೊಡಗಿದೆ.

ಒಂದು ಓಣಿಯಲ್ಲಿ ಬಿಳಿ ಅಂಗಿಯ ಧುರೀಣರೊಬ್ಬರು ರಸ್ತೆಗೆ ಅಡ್ಡ ನಿಂತರು. ಇಲೆಕ್ಷನ್ನಿಗೆ ತಯಾರಿ ನಡೆಸಿದ್ದವರು. ಮುಖ ಕೆಂಪಾಗಿತ್ತು.

“ಯಾರ ಹವಾ ಬದಲಾಗೇತಲೇ? ಯಾರ ಕಳಿಸ್ಯಾರ ನಿನ್ನ?”

“ನಿಮ್ಮದಲ್ರಿ ಸಾಹೇಬ್ರ, ಜಗತ್ತಿಂದ್ರಿ.”

“ಜಗತ್ತಿಂದ ಏನರ ಆಗ್ಲಿ. ನಮ್ಮ ವಾರ್ಡಿಂದು ಬದಲಾಗಿಲ್ಲ ಅಂತ ಹೇಳು.”

ದೊಡ್ಡವರ ಜತೆ ನನಗೇಕೆ ತಕರಾರು? ಅಲ್ಲಿಂದ ಮುಂದೆ ಹೀಗೇ ಕೂಗುತ್ತ ಹೋದೆ: “ಜಗತ್ತಿನ ಹವಾ ಬದಲಾಗೇತಿ! ಈ ವಾರ್ಡಿನ ಹವಾ ಮಾತ್ರ ಇದ್ದಂಗ ಐತಿ!”

ಅವರಿಗೆ ಅದೆಷ್ಟು ಖುಷಿಯಾಯಿತೆಂದರೆ, ನಾಲ್ಕೂ ಸಭೆಗಳ ಅಧ್ಯಕ್ಷತೆಯನ್ನು ತಾವೇ ವಹಿಸಿಕೊಂಡರು. ಜಮಖಂಡಿಯಲ್ಲಿ ಅವರ ಭಾಷಣ ಮುಗಿಯುವ ಹೊತ್ತಿಗೆ ಸಂವಾದಕ್ಕೆ ಉಳಿದದ್ದು ಖಾಲಿ ಕುರ್ಚಿಗಳು. ಅವುಗಳದ್ದು ಏನೂ ಪ್ರಶ್ನೆ ಇರಲಿಲ್ಲ.

೨. ತಗಡಿನ ಶೆಟ್ಟರು

ಮುಧೋಳದಲ್ಲಿ ಹಾಗಾಗಬಾರದೆಂದು ನನ್ನ ಹೆಂಡತಿಯ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು, ಸಭೆ ನಡೆದಿರುವಾಗಲೇ ವೇದಿಕೆಗೆ ಕಳಿಸಿದೆ. ಮೇಲೆ ದಪ್ಪಗೆ ‘ತಗಡಿನ ಶೆಡ್ಡು’ ಎಂದು ಬರೆದಿದ್ದೆ.

ಆಗ ಬೆಂಗಳೂರಿನಿಂದ ಬಂದ ತಜ್ಞರು ಪರದೆಯ ಮೇಲೆ ಹಿಮಕರಡಿ ತೋರಿಸುತ್ತಿದ್ದರು. ಮಂಜು ಕರಗಿ ಪಾಪ ಕರಡಿಗೆ ನಿಲ್ಲಲು ಜಾಗವಿಲ್ಲ ಎಂದು ಅವರು ಹೇಳಿದಾಗ, ಸಭಾಭವನದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದವರೆಲ್ಲ ಲೊಚಗುಟ್ಟಿದರು.

ಅಧ್ಯಕ್ಷರು ಚೀಟಿ ಬಿಡಿಸಿದರು. ಚಷ್ಮಾ ಜಮಖಂಡಿಯಲ್ಲಿಯೇ ಉಳಿದಿತ್ತು. ನಮ್ಮ ಕಡೆ ವೇದಿಕೆಗೆ ಹೋಗುವ ಚೀಟಿಯಲ್ಲಿ ಇರುವುದು ಸನ್ಮಾನಕ್ಕೆ ಬಿಟ್ಟುಹೋದವರ ಹೆಸರೇ. ಮೊದಲ ಸಾಲಷ್ಟೇ ಓದಿ ಮೈಕಿಗೆ ಬಾಯಿ ಹಚ್ಚಿದರು.

“ಶ್ರೀ ತಗಡಿನ ಶೆಟ್ಟರು ಎಲ್ಲಿದ್ದರೂ ವೇದಿಕೆಗೆ ಬರಬೇಕು!”

ಮೂರನೇ ಸಾಲಿನಲ್ಲಿ ಕುಳಿತಿದ್ದ ಕಿರಾಣಿ ಅಂಗಡಿಯ ಶೆಟ್ಟರೊಬ್ಬರು ಅತ್ತಿತ್ತ ನೋಡಿದರು. “ನಾ ಬರೇ ಶೆಟ್ಟರ ಅದೀನ್ರಿ, ತಗಡಿನವರಲ್ಲ,” ಎಂದರು. “ಇರ್ಲಿ ಬರ್ರಿ,” ಎಂದು ನಾಲ್ಕು ಜನ ಎಬ್ಬಿಸಿ ಕಳಿಸಿದರು. ಅವರಿಗೆ ಶಾಲು ಹೊದಿಸಿದರು, ಮಾಲೆ ಹಾಕಿದರು, ಕೈಗೆ ಒಂದು ಸಸಿ ಕೊಟ್ಟರು. ಆ ಸೆಕೆಯಲ್ಲಿ ಶಾಲು ಹೊದ್ದು ಕುಳಿತ ಅವರನ್ನು ನೋಡಿ ನನಗೆ ಕರಡಿಗಿಂತ ಹೆಚ್ಚು ಕನಿಕರವಾಯಿತು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು. “ನನ್ನ ಪ್ರಶ್ನಿ ಏನಾತು?”

“ಅದಕ್ಕ ಮಾಲಿ ಹಾಕಿದ್ರು,” ಎಂದೆ.

೩. ಕುರಿ ಕಾಯುವ ಅಜ್ಜನ ಫೋನು

ಬೀಳಗಿಯಲ್ಲಿ ಸಂವಾದಕ್ಕೆ ಒಂದು ನಿಮಿಷ ಸಿಕ್ಕಿತು. ಇನ್ನು ನಾನೇ ಕೇಳಿಬಿಡುತ್ತೇನೆಂದು ಕೈಮೈಕು ಹಿಡಿದು ಎದ್ದೆ. ಅಷ್ಟರಲ್ಲಿ ಕಂಬಳಿ ಹೊದ್ದ ಕುರಿ ಕಾಯುವ ಅಜ್ಜನೊಬ್ಬ, “ಇಲ್ಲಿ ತಾ ತಮ್ಮಾ,” ಎಂದು ಅದನ್ನು ಕಸಿದುಕೊಂಡ. ಹಿರಿಯ ಜೀವ, ಬೇಡ ಎನ್ನಲು ಮನಸ್ಸು ಬರಲಿಲ್ಲ.

ಅಜ್ಜ ಮೈಕನ್ನು ಕಿವಿಗೆ ಹಚ್ಚಿಕೊಂಡು ನಿಂತ.

“ಮಾತಾಡ್ರಿ ಅಜ್ಜಾ,” ಎಂದರು ಜನ.

“ತಡೀರಿ, ಆ ಕಡಿಂದ ಯಾರೂ ಮಾತಾಡವಲ್ರು.”

ವೇದಿಕೆಯ ಮೇಲಿಂದ ತಜ್ಞರು ತಮ್ಮ ಮೈಕಿನಲ್ಲಿ, “ಹಲೋ, ಅಜ್ಜಾ, ಕೇಳಿಸ್ತಿದೆಯಾ?” ಎಂದರು. ನನ್ನ ದೊಡ್ಡ ಬಾಕ್ಸುಗಳಿಂದ ಧ್ವನಿ ಗುಡುಗಿತು.

ಅಜ್ಜನ ಮುಖ ಅರಳಿತು. “ಹಾಂ, ಈಗ ಹತ್ತಿತ ನೋಡ್ರಿ! ಮಳಿ ಯಾವಾಗ ಬರ್ತೈತ್ರಿ?”

“ಅದು ನಮ್ಮ ಕೈಯಲ್ಲಿಲ್ಲ ಅಜ್ಜ.”

“ಹಂಗಾರ ರಾಂಗ್ ನಂಬರ್ ಹತ್ತೇತಿ,” ಎಂದು ಅಜ್ಜ ಮೈಕನ್ನು ನನ್ನ ಕೈಗಿಟ್ಟು ಹೊರಟೇಬಿಟ್ಟ. ನಿಮಿಷವೂ ಮುಗಿದಿತ್ತು.

ಮನೆಗೆ ಬಂದು ಇದನ್ನು ಹೇಳಿದಾಗ ಹೆಂಡತಿ ನಗಲಿಲ್ಲ. “ಕರಡಿದು ಎಲ್ಲಾ ಸಭಾದಾಗೂ ಬರ್ತೈತಿ, ನಮ್ಮದ ಒಂದರಾಗೂ ಬರವಲ್ದು. ಇರ್ಲಿ ಬಿಡ್ರಿ, ಬನಹಟ್ಟಿ ಸಭಾಕ್ಕ ನಾನ ಬರ್ತೀನಿ,” ಎಂದಳು. ಮೂರು ಸಲ ಹೋಗಿ ಒಂದು ಪ್ರಶ್ನೆ ಕೇಳಲಾಗದ್ದಕ್ಕೆ ನನಗೆ ನಿಜಕ್ಕೂ ನಾಚಿಕೆಯಾಗಿತ್ತು.

೪. ಕರೆಂಟ್ ಹೋದಾಗ

ಬನಹಟ್ಟಿಯ ಸಭೆ ಶೆಡ್ಡಿಗೆ ರಜೆ ಇದ್ದ ದಿನ ನಡೆಯಿತು. ಹೆಂಡತಿ ತನ್ನ ಓರಗೆಯ ನೇಕಾರ ಹೆಂಗಸರನ್ನೆಲ್ಲ ಕರೆದುಕೊಂಡು ಬಂದು ಹಿಂದಿನ ಎರಡು ಸಾಲು ತುಂಬಿದಳು. ತಲೆ ತಿರುಗಿ ಬಿದ್ದಾಕೆಯೂ ಬಂದಿದ್ದಳು. ಕರಡಿ ಬಂತು, ಹೋಯಿತು. ಅಧ್ಯಕ್ಷರು ಭಾಷಣ ಮುಗಿಸುತ್ತ, “ವೇಳೆ ಅಭಾವದ ಕಾರಣ ಸಂವಾದ ಇರೂದಿಲ್ಲ,” ಎಂದರು.

ಅಷ್ಟಕ್ಕೆ ಕರೆಂಟ್ ಹೋಯಿತು.

ಫ್ಯಾನುಗಳು ನಿಂತವು. ಮೈಕು ಸತ್ತಿತು. ಅಧ್ಯಕ್ಷರ ತುಟಿ ಆಡುತ್ತಿತ್ತು, ಧ್ವನಿ ಎರಡನೇ ಸಾಲಿಗೂ ಮುಟ್ಟಲಿಲ್ಲ. ಆಗ ಹಿಂದಿನಿಂದ ನನ್ನ ಹೆಂಡತಿ ಎದ್ದು ನಿಂತಳು. ಎಳೆ, ತಗಡು, ನೀರು, ಬಿದ್ದಾಕೆ, ಒಂದನ್ನೂ ಬಿಡದೆ ಕೇಳಿದಳು. ನನ್ನ ನಾಲ್ಕು ಬಾಕ್ಸು ಸೇರಿಸಿದರೂ ಅಷ್ಟು ಸ್ವಚ್ಛ ಧ್ವನಿ ಬರುವುದಿಲ್ಲ. ಇಷ್ಟು ವರ್ಷ ಈ ಧ್ವನಿಗೆ ಹೆದರಿದವನು ಅವತ್ತು ಹೆಮ್ಮೆಪಟ್ಟೆ.

ಅಧ್ಯಕ್ಷರು ತಜ್ಞರ ಕಡೆ ಬಾಗಿ ಏನೋ ಪಿಸುಗುಟ್ಟಿದರು.

“ಧುರೀಣರು ಅಂತಾರ, ಹೋಳಿಗಿ ಆರಾಕತ್ತಾವು, ಊಟಕ್ಕ ಏಳ್ರಿ ಅಂತ!” ಎಂದು ಹೆಂಡತಿ ಇಡೀ ಸಭೆಗೆ ಸಾರಿದಳು.

“ಇವರದು ಮುಗಿಯಂಗಿಲ್ಲ ಅಂತನೂ ಅಂದ್ರು!” ಎಂದು ತಲೆ ತಿರುಗಿ ಬಿದ್ದಿದ್ದಾಕೆ ಪಕ್ಕದಿಂದ ಕೂಡಿಸಿದಳು.

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಫ್ಯಾನಿಲ್ಲದೆ ಬೆವೆತು ತೊಪ್ಪೆಯಾಗಿದ್ದ ತಜ್ಞರು ಮೆಲ್ಲಗೆ ಏನೋ ಹೇಳಿದರು. ಯಾರಿಗೂ ಕೇಳಿಸಲಿಲ್ಲ, ಹಿಂದಿನ ಎರಡು ಸಾಲಿಗೆ ಕಾಣಿಸಿತು.

“ಸರ್‌ಗೆ ಇದರ ಉತ್ತರ ಗೊತ್ತಿಲ್ಲಂತ! ಊಟಕ್ಕಿಂತ ಮದ್ಲ ಶೆಡ್ಡಿಗೆ ಬಂದು ನೋಡ್ತಾರಂತ!”

ಚಪ್ಪಾಳೆ ಬಿತ್ತು. ತಜ್ಞರು ವೇದಿಕೆ ಇಳಿದು ಹೆಂಗಸರ ನಡುವೆ ಕುರ್ಚಿ ಹಾಕಿಕೊಂಡು ವಹಿ ತೆಗೆದರು. ಒಬ್ಬೊಬ್ಬಳೇ ಹೇಳುತ್ತ ಹೋದಳು, ಅವರು ಬರೆಯುತ್ತ ಹೋದರು.

ಅಷ್ಟರಲ್ಲಿ ಕರೆಂಟ್ ಬಂತು. ಅಧ್ಯಕ್ಷರು ಲಗುಬಗೆಯಿಂದ ನನ್ನ ಮೂಲೆಗೆ ಬಂದರು.

“ಮೈಕ್ ಚಾಲೂ ಮಾಡು, ನಾ ಸಮಾರೋಪ ಮಾತಾಡ್ತೀನಿ.”

ಸ್ವಿಚ್ಚಿನ ಮೇಲೆ ಇದ್ದ ಕೈಯನ್ನು, ಈ ಧಂದೆಗೆ ಇಳಿದ ಮೇಲೆ ಮೊದಲ ಸಲ, ಹಿಂದಕ್ಕೆ ತೆಗೆದುಕೊಂಡೆ. “ಕರೆಂಟ್ ಬಂದಿಲ್ರಿ ಸಾಹೇಬ್ರ,” ಎಂದೆ.

ಅವರು ಕತ್ತೆತ್ತಿ ಮೇಲೆ ತೋರಿಸಿದರು. “ಫ್ಯಾನ್ ಗರಗರ ತಿರಗಾಕತ್ತಾವಲ್ಲಲೇ!”

ನಾನು ಸಭೆಯ ಕಡೆ ಮುಖ ತಿರುಗಿಸಿ, ಅವರಿಗೂ ಕೇಳಿಸದ ಹಾಗೆ ಒಂದು ಮಾತು ಗೊಣಗಿದೆ. ಎದುರಿಗೆ ಹೆಂಡತಿ ಇದ್ದಾಳೆಂಬುದು ಮರೆತುಹೋಗಿತ್ತು.

“ಧುರೀಣ್ರ!” ಎಂದು ಆಕೆಯ ಧ್ವನಿ ಭವನದ ಆ ತುದಿಯಿಂದ ಬಂತು. “ನಮ್ಮ ಮನ್ಯಾರು ಅಂತಾರ, ಫ್ಯಾನ್ ತಿರಗಾಕ ಕರೆಂಟ್ ಬೇಕಾಗಿಲ್ಲಂತ! ಹವಾ ಬದಲಾಗೇತಂತ!”