ಮೀಸೆ ತೆತ್ತು ಕೇಳಿದ ಕಾದಂಬರಿ

ಓಣಿಯವರು ಎದುರಿಗೆ ‘ಅಕ್ಕ’ ಎಂದೂ ಬೆನ್ನ ಹಿಂದೆ ‘ಕಾದಂಬರಿ ಅಕ್ಕ’ ಎಂದೂ ಕರೆಯುತ್ತಿದ್ದ ಆ ಮಹಾತಾಯಿಗೆ ವಯಸ್ಸು ನಲವತ್ತೆಂಟು. ಸಂಸಾರದಲ್ಲಿ ಕ್ಷೌರದಂಗಡಿಯ ಯಜಮಾನನಾದ ಗಂಡ, ಕಾದಂಬರಿಯ ಏಕೈಕ ಶ್ರೋತೃವಾದ, ಕಿವಿ ಕೇಳದ ಅತ್ತೆ, ಮತ್ತು ಅವರೇ ಬರೆದ ನಾನೂರು ಪುಟಗಳ ಅತ್ಯಾಧುನಿಕ ಕಾದಂಬರಿ. ಅದರ ನಾಯಕನು ಮೊದಲ ಅರವತ್ತು ಪುಟ ಕಿಟಕಿಯಾಚೆ ನೋಡುತ್ತಾನೆ. ಅನಂತರ ಕಿಟಕಿಯನ್ನೇ ನೋಡುತ್ತಾನೆ.

ಊರಿಗಿದ್ದ ಒಬ್ಬರೇ ಪ್ರಕಾಶಕರು ಅದನ್ನು ಹಿಂದಿರುಗಿಸಿದ್ದರು. ಕಟ್ಟಿದ ದಾರದ ಗಂಟು ಕೂಡ ಬಿಚ್ಚಿರಲಿಲ್ಲ!

“ರೀ, ಆ ಮನುಷ್ಯ ಕ್ಷೌರಕ್ಕೆ ನಿಮ್ಮ ಹತ್ರಾನೇ ಬರ್ತಾರಲ್ವಾ?” ಎಂದರು ಅಕ್ಕ.

“ಹೂಂ. ಯಾಕೆ?”

“ಮುಖಕ್ಕೆ ನೊರೆ, ಕುತ್ತಿಗೆಗೆ ಕತ್ತಿ. ಎದ್ದು ಎಲ್ಲಿಗೆ ಹೋಗ್ತಾರೆ? ನಾನು ಹಿಂದೆ ನಿಂತು ಓದ್ತೀನಿ. ‘ಅಚ್ಚು ಹಾಕಿಸ್ತೀನಿ’ ಅನ್ನದೆ ಆ ಕುರ್ಚಿಯಿಂದ ಏಳಕೂಡದು!”

“ಗಿರಾಕಿ ಕಣೇ ಅವರು, ಕೈದಿ ಅಲ್ಲ!”

“ಸಾಹಿತ್ಯಕ್ಕೋಸ್ಕರ ಒಂದಿನ ನಿಧಾನವಾಗಿ ಕತ್ತಿ ಆಡಿಸಿದ್ರೆ ನಿಮ್ಮ ಕೈ ಸವೆದುಹೋಗುತ್ತಾ?”

ಭಾನುವಾರ ಪ್ರಕಾಶಕರು ಬಂದರು; ಅವರಿಗಿಂತ ಒಂದು ಅಂಗುಲ ಮುಂದಾಗಿ ಅವರ ಮೀಸೆ ಬಂದಿತು. ತುದಿ ತಿರುವಿದ ಆ ಮೀಸೆಯೇ ಅವರ ಪ್ರಕಾಶನದ ಲಾಂಛನ; ಪ್ರತಿ ಪುಸ್ತಕದ ಬೆನ್ನಿನ ಮೇಲೂ ಅಚ್ಚಾಗುತ್ತಿತ್ತು!

ನೊರೆ ಹಚ್ಚಿದ್ದೇ ತಡ, ಅಕ್ಕ ಓದತೊಡಗಿದರು. ಪ್ರತಿಭಟಿಸಲು ಪ್ರಕಾಶಕರು ಬಾಯಿ ತೆರೆದರು, ನೊರೆ ಒಳಗೆ ಹೋಯಿತು, ಬಾಯಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಕಣ್ಣನ್ನೂ ಮುಚ್ಚಿದರು.

“ನೋಡ್ರೀ, ಹೇಗೆ ತನ್ಮಯರಾಗಿದ್ದಾರೆ!” ಎಂದು ಪಿಸುಗುಟ್ಟಿದ ಅಕ್ಕ, ಉತ್ಸಾಹ ತಡೆಯಲಾರದೆ ನೇರವಾಗಿ ನಾಯಕನ ಮರಣಕ್ಕೇ ಜಿಗಿದರು.

ಅಂದಿನವರೆಗೆ ಹೆಂಡತಿ ಹಾಳೆ ತೆರೆದೊಡನೆ ಮನೆಯಿಂದ ಜಾರಿಕೊಳ್ಳುತ್ತಿದ್ದ ಗಂಡನಿಗೆ ಈಗ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ನಾಯಕ ಕೆಮ್ಮಿದಾಗ ಈತನೂ ಕೆಮ್ಮಿದ. ನಾಯಕ ತಾಯಿಯನ್ನು ಕರೆದಾಗ ಈತನ ಕಣ್ಣು ತುಂಬಿತು. ನಾಯಕ ಕೊನೆಯುಸಿರೆಳೆದ.

“ಅಯ್ಯೋ ಪಾಪಿ! ಸಾಯಿಸೇಬಿಟ್ಯಾ?” ಎಂದು ಗಂಡ ಚೀರಿದ. ಕತ್ತಿ ಜಾರಿತು. ಎಡ ಮೀಸೆ ಟವಲಿನ ಮೇಲೆ ಮಲಗಿತು!

“ರೀ! ಏನ್ರೀ ಮಾಡಿದ್ರಿ?”

“ನೀನು ಅವನನ್ನ ಕೊಂದೆ, ನಾನು ಇದನ್ನ!”

“ಅಂಟಿಸ್ರೀ ಬೇಗ!”

“ಮೀಸೆ ಕಣೇ ಇದು, ಅಂಚೆಚೀಟಿ ಅಲ್ಲ!”

ಬೇರೆ ದಾರಿಯಿಲ್ಲದೆ ಬಲ ಮೀಸೆಯೂ ಎಡದ್ದನ್ನು ಹಿಂಬಾಲಿಸಿತು. ಅಕ್ಕ ಮಾತ್ರ ಧೈರ್ಯಗೆಡಲಿಲ್ಲ. “ಮೀಸೆ ಹೋದದ್ದೂ ತಿಳಿಯದಷ್ಟು ಮೈಮರೆತಿದ್ದಾರೆ. ಕಾದಂಬರಿ ಅಚ್ಚಾದ ಹಾಗೇ ಅಂದ್ಕೊಳ್ಳಿ!”

ಆಗ ಆ ಮೈಮರೆತ ದೇಹದಿಂದ ಗೊರಕೆಯೊಂದು ಹೊರಟಿತು.

ಅಕ್ಕನ ಕೈಯಿಂದ ಹಸ್ತಪ್ರತಿ ಧೊಪ್ಪೆಂದು ಬಿತ್ತು. ಬೆಚ್ಚಿ ಎದ್ದ ಪ್ರಕಾಶಕರು ಕನ್ನಡಿ ನೋಡಿ, ತಮ್ಮ ಬೋಳು ಮೇಲ್ದುಟಿಯನ್ನು ಸವರಿಕೊಂಡರು.

“ತಪ್ಪಾಯ್ತು ಸ್ವಾಮಿ...” ಎಂದು ಗಂಡ ಕೈಮುಗಿದ.

“ಬಿಡಪ್ಪಾ, ಮೀಸೆ ಮತ್ತೆ ಬೆಳೆಯುತ್ತೆ. ತಿಂಗಳಿಂದ ನನ್ನ ಕಣ್ಣಿಗೆ ನಿದ್ದೆ ಅನ್ನೋದೇ ಹತ್ತಿರಲಿಲ್ಲ. ಡಾಕ್ಟರ ಮಾತ್ರೆಯಿಂದ ಆಗದ್ದು ಈ ತಾಯಿಯಿಂದ ಆಯ್ತು!”

ಅಕ್ಕ ಒಂದು ಹೆಜ್ಜೆ ಮುಂದೆ ಬಂದರು. “ಹಾಗಾದ್ರೆ... ಅಚ್ಚು ಹಾಕಿಸ್ತೀರಾ?”

“ಛೆ ಛೆ! ಅಚ್ಚಾದ್ರೆ ನಾನೇ ಓದ್ಕೋಬೇಕಲ್ಲಮ್ಮಾ! ನೀವು ಓದಿದ್ರೇನೇ ನಿದ್ದೆ!”

ಅವರು ಹೋದ ಮೇಲೆ ಅಂಗಡಿಯಲ್ಲಿ ಉಳಿದದ್ದು ಇಷ್ಟು: ಟವಲಿನ ಮೇಲೆ ಒಂದು ಇಡೀ ಮೀಸೆ, ಇನ್ನೂ ಮೂಗೊರೆಸುತ್ತಿದ್ದ ಗಂಡ, ನೆಲದ ತುಂಬ ಹರಡಿದ ನಾನೂರು ಪುಟ, ಮತ್ತು ಬಾಗಿಲಲ್ಲಿ ತಿರುಗಿ ನಿಂತು ಅವರು ಕೇಳಿದ್ದ ಪ್ರಶ್ನೆ:

“ನಾಳೆ ಎಷ್ಟು ಹೊತ್ತಿಗೆ ಬರಲಿ? ನಮ್ಮ ಮನೆಯವಳಿಗೂ ನಿದ್ದೆ ಬರಲ್ಲ!”