ಒಂದು ತಾಸು ನೀರಿನ ಸಪ್ಪಳ

ಇಂಥವು ನನಗೇ ಯಾಕೆ ಗಂಟು ಬೀಳುತ್ತವೋ ಗೊತ್ತಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಬಸ್ ನಿಲ್ದಾಣಗಳಲ್ಲಿ ಬಸ್ಸು ಹೋಗುವ ಊರುಗಳ ಹೆಸರು ಕೂಗಿ ಕೂಗಿ ನೌಕರಿ ಮುಗಿಸಿದವನು ನಾನು. ಕಿವಿ ಸೋತಿದ್ದವು. ನಿವೃತ್ತನಾದ ಮೇಲೆ ಬಯಸಿದ್ದು ಒಂದೇ. ಶಹಾಪುರದ ಮನೆಯ ಹಿತ್ತಲಲ್ಲಿ ಸಣ್ಣ ಕೊಳ, ಅದಕ್ಕೊಂದು ಜಲಪಾತ. ಪಂಪು ಕೊಳದ ನೀರನ್ನೇ ಮೇಲೆತ್ತಬೇಕು, ಅದು ಮತ್ತೆ ಕೊಳಕ್ಕೇ ಬೀಳಬೇಕು, ನಾನು ಒಂದು ತಾಸು ಕಣ್ಣು ಮುಚ್ಚಿ ಆ ಸಪ್ಪಳ ಕೇಳಬೇಕು. ಇಷ್ಟೇ.

ಗೌಂಡಿಯ ಕೈಗುಣ

ಗೌಂಡಿ ಬಚ್ಚಲು ಕಟ್ಟುವುದರಲ್ಲಿ ಹೆಸರಾದವನು. ಪಂಪು ಹಚ್ಚಿದರೆ ನೀರು ಅವನ ನುಣುಪಾದ ಸಿಮೆಂಟಿನ ಮೇಲೆ ಜಾರಿ ಕಳ್ಳನ ಹಾಗೆ ಕೊಳ ಸೇರಿತು.

"ಸಪ್ಪಳ ಎಲ್ಲದನೋ?" ಎಂದೆ.

ಅವನ ಮುಖ ಸಣ್ಣದಾಯಿತು. "ನೀರು ಸೋರ್ತಾವ ಅಂತ ಭಾಳ ಮಂದಿ ಬೈದಾರ್ರಿ ಸಾಹೇಬ್ರ. ಸುಮ್ನ ಹೊಕ್ಕಾವ ಅಂತ ಬೈದವ್ರು ನೀವ ಮೊದಲು."

ಚಪ್ಪಟೆ ಕಲ್ಲು

ನೀರು ಧುಮುಕಲಿ ಎಂದು ಅಂಚಿಗೆ ಚಪ್ಪಟೆ ಕಲ್ಲು ಕೂಡಿಸಿದೆವು. ಧುಮುಕಿತು. ಖುರ್ಚಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಹೆಂಡತಿ ಆ ಕಲ್ಲಿನ ಮೇಲೆ ಚಾದರ ಬಡಿಯುತ್ತಿದ್ದಳು. ಕೊಳದ ತುಂಬ ಸಾಬೂನಿನ ನೊರೆ.

"ಹರಿಯೋ ನೀರದ, ಚಪ್ಪಟಿ ಕಲ್ಲದ. ಒಗಿಲಾರ್ದ ಕೈ ಕಟ್ಕೊಂಡು ನೋಡ್ಕೋತ ಕೂಡ್ಲೇನ್ರಿ?"

ಕಕ್ಕೇರಾದಿಂದ ಬಂದವನು

ಹೆಂಡತಿಯ ತಮ್ಮ ಕಕ್ಕೇರಾದಲ್ಲಿ ಹೊಲ ಮಾಡುತ್ತಾನೆ. ಜಲಪಾತದ ಮುಂದೆ ಬಹಳ ಹೊತ್ತು ನಿಂತ.

"ಈ ನೀರು ಎಲ್ಲಿಗೆ ಹೊಕ್ಕಾವ್ರಿ ಮಾವ?"

"ಮ್ಯಾಲ."

"ಆಮ್ಯಾಲ?"

"ಕೆಳಗ."

ನಾನು ಚಹಾ ತರುವುದರೊಳಗೆ ಸಲಿಕೆ ಹಿಡಿದು, ಬೀಳುವ ನೀರನ್ನೆಲ್ಲ ಬದನೆ ಗಿಡಗಳಿಗೆ ತಿರುಗಿಸಿದ್ದ. ಕೊಳ ಖಾಲಿಯಾಗಿ ಪಂಪು ಒದರುತ್ತಿತ್ತು.

"ಈಗ ನೋಡ್ರಿ," ಎಂದ, "ನೀರಿಗೂ ಒಂದು ಕೆಲಸ ಸಿಕ್ತು."

ನಳ ಬಂದಾವ!

ನಮ್ಮ ಹಿತ್ತಲ ಗೋಡೆಯಾಚೆಗೆ ಇಡೀ ಓಣಿಯ ನಳ. ಬಂದ್ ಮಾಡುವ ತೋಟಿ ಮುರಿದು ಹೋಗಿದೆ, ನೀರು ಬಂದರೆ ತಾನೇ ಸುರಿಯುತ್ತದೆ. ಬರುವುದು ವಾರಕ್ಕೋ ಹತ್ತು ದಿನಕ್ಕೋ. ಹೀಗಾಗಿ ನಾನು ಜಲಪಾತ ಶುರು ಮಾಡಿದಾಗಲೆಲ್ಲ ಅದರ ಸಪ್ಪಳ ಕೇಳಿ "ನಳ ಬಂದಾವ!" ಎಂದು ಕೂಗು, ಕೊಡಗಳ ಓಟ, ಒಣ ನಳದ ಮುಂದೆ ನನಗೆ ಬೈಗುಳ. ಕೊನೆಗೆ ಆಚೆ ಮನೆಯ ಖಾಲಾ, ಇಡೀ ಓಣಿಗೇ ಚಿಕ್ಕಮ್ಮನಂಥವರು, ಎಲ್ಲರಿಗೂ ಹೇಳಿಬಿಟ್ಟರು: "ಯಾರೂ ಓಡಬ್ಯಾಡ್ರಿ. ಅದು ಸಾಹೇಬ್ರ ಶೋಕಿ ನೀರು."

ಅಂತೂ ಒಂದು ಮಧ್ಯಾಹ್ನ ಹೆಂಡತಿ ಸುರಪುರಕ್ಕೆ ಹೋಗಿದ್ದಳು. ಪಂಪು ಹಚ್ಚಿ ಖುರ್ಚಿಗೆ ಒರಗಿದೆ. ಜೊಂಪು ಹತ್ತಿತು. ಎಚ್ಚರಾದರೂ ಕಣ್ಣು ತೆರೆಯಲಿಲ್ಲ. ಎಂಥ ಸಪ್ಪಳ! ಓಣಿಯೂ ಸುಮ್ಮನಿತ್ತು. ಭರ್ತಿ ಒಂದು ತಾಸು ಕೇಳಿದೆ. ಇಷ್ಟು ವರ್ಷದ ದಣಿವೆಲ್ಲ ಇಳಿದ ಹಾಗಾಯಿತು.

ಸುರಪುರದಿಂದ ಮರಳಿದ ಹೆಂಡತಿ ಒದ್ದೆ ಕಾಲಿನಲ್ಲಿ ಹಿತ್ತಲಿಗೆ ಬಂದಳು. "ನಳದ ನೀರು ಓಣಿ ತುಂಬ ಹರ್ಯಾಕತ್ತಾವ, ನೀವು ಇಲ್ಲಿ ಮಕ್ಕೊಂಡೀರೇನು?"

"ನಳ ಅಲ್ಲ, ಜಲಪಾತ," ಎಂದೆ, ಕಣ್ಣು ಮುಚ್ಚಿಕೊಂಡೇ.

"ಕಣ್ಣು ತೆಗೀರಿ. ಬಸ್ ಸ್ಟ್ಯಾಂಡಿನಾಗ ಅಂದ್ರು, ಕರೆಂಟ್ ಹೋಗಿ ತಾಸಿನ ಮ್ಯಾಲಾತಂತ."

ಜಲಪಾತದ ಕಲ್ಲು ಒಣಗಿ ಬಿಸಿಲಿಗೆ ಕಾದಿತ್ತು. ನಾನು ಏಳುವಷ್ಟರಲ್ಲಿ ಗೋಡೆಯಾಚೆಯ ಸಪ್ಪಳವೂ ನಿಂತಿತು. ಬಾಗಿಲಿಗೆ ಹೋದರೆ ಖಾಲಿ ಕೊಡ ಹಿಡಿದು ಖಾಲಾ, ಅವರ ಹಿಂದೆ ಇಡೀ ಓಣಿ.

"ಸಾಹೇಬ್ರ," ಎಂದರು ಖಾಲಾ, "ನಾವು ನಿಮ್ದ ಅನ್ಕೊಂಡು ಕೂತ್ವಿ."

"ನಾನೂ ನಂದ ಅನ್ಕೊಂಡೇ ಕೂತಿದ್ದೆ, ಖಾಲಾ."