ನೋಡೋಣ ಮೇಷ್ಟ್ರು ‘ಆಗಲ್ಲ’ ಅಂದ ದಿನ

ಆ ಮೇಷ್ಟ್ರು ಹುಟ್ಟಿದಾಗಿನಿಂದ ಯಾರಿಗೂ ‘ಆಗಲ್ಲ’ ಅಂದವರಲ್ಲ. ಮನಸ್ಸಿಲ್ಲದಿದ್ದರೆ ಕಿವಿ ತುರಿಸಿಕೊಂಡು ‘ನೋಡೋಣ’ ಅನ್ನುತ್ತಿದ್ದರು. ಕಾಲೇಜಿನಲ್ಲಿ ಅವರ ಹೆಸರೇ ನೋಡೋಣ ಮೇಷ್ಟ್ರು ಎಂದಾಗಿತ್ತು. ಅಮೆರಿಕದವರ ರೀತಿನೀತಿಗಳನ್ನು ಬೇರೆ ದೇಶದವರ ರೀತಿನೀತಿಗಳ ಜೊತೆ ಹೋಲಿಸಿ ಪಾಠ ಹೇಳುವುದು ಅವರ ಕೆಲಸ. ಅಮೆರಿಕ ಕಂಡದ್ದು ಮಾತ್ರ ಗೋಡೆಯ ನಕ್ಷೆಯಲ್ಲಿ. ನೌಕರಿಯೂ ಹಂಗಾಮಿ, ಒಂಬತ್ತು ವರ್ಷದಿಂದ; ವರ್ಷವರ್ಷವೂ ವಿಭಾಗದ ಮುಖ್ಯಸ್ಥರು ಹೂಂ ಅನ್ನಬೇಕು.

ಅಮೆರಿಕದಿಂದ ಬಂದು ಆರು ತಿಂಗಳಿಂದ ಇಲ್ಲೇ ಇದ್ದ ಪ್ರೊಫೆಸರಮ್ಮ ಕಾಲೇಜಿನ ಮೇಷ್ಟ್ರುಗಳಲ್ಲಿ ಒಬ್ಬರನ್ನು ಆರಿಸಿ ಒಂದು ವರ್ಷ ತಮ್ಮಲ್ಲಿಗೆ ಕರೆದೊಯ್ಯಲಿದ್ದರು. ಮೇಷ್ಟ್ರು ‘ಅವರು ಇಲ್ಲ ಅನ್ನುವ ಬಗೆ, ನಾವು ಇಲ್ಲ ಅನ್ನದ ಬಗೆ’ ಎಂಬ ಪ್ರಬಂಧ ಕೊಟ್ಟಿದ್ದರು. ಇವತ್ತು ಮೂರು ಗಂಟೆಗೆ ಸಂದರ್ಶನ. ‘ಬರೆದದ್ದನ್ನ ನೀವೇ ಮಾಡಿ ನೋಡಿದೀರಾ?’ ಅಂತ ಕೇಳಿಬಿಟ್ಟರೆ? ಹಲ್ಲುಜ್ಜುತ್ತಲೇ ಮೇಷ್ಟ್ರು ತೀರ್ಮಾನಿಸಿದರು: ಈ ಒಂದು ದಿನ ನೇರ ಮಾತು, ಜೇಬಿನಲ್ಲಿ ನೋಟ್‌ಬುಕ್ಕು.

ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಆತ್ಮಕತೆಯ ಕಟ್ಟು ಹಿಡಿದು ಬಂದರು. “ಹದಿನೇಳನೇ ಅಧ್ಯಾಯ ಮೇಷ್ಟ್ರೇ, ಸ್ವಲ್ಪ ತಿದ್ದಿಕೊಡಿ.”

“ಆಗಲ್ಲ.”

“ಮೈಗೆ ಹುಷಾರಿಲ್ವಾ?”

“ಚೆನ್ನಾಗಿದೀನಿ. ಇಷ್ಟ ಇಲ್ಲ, ಅಷ್ಟೇ.”

ಮುದುಕರ ಮುಖ ಇಂಗು ತಿಂದ ಮಂಗನಂತಾಯಿತು. ‘ಮೊದಲು ಆರೋಗ್ಯ ವಿಚಾರಿಸಿದರು. ಏಕೆ?’ ಎಂದು ಮೇಷ್ಟ್ರು ಉತ್ಸಾಹದಿಂದ ಬರೆದುಕೊಂಡರು.

ಹತ್ತು ನಿಮಿಷದಲ್ಲಿ ಅಡುಗೆಮನೆಯಲ್ಲಿ ಮೂವರು ನೆರೆಯವರು ಸೇರಿ ಅವರ ಹೆಂಡತಿಗೆ ಸಮಾಧಾನ ಹೇಳುತ್ತಿದ್ದರು. “ಎಷ್ಟು ದಿನದಿಂದ ಹೀಗಮ್ಮಾ? ಜಗಳ ಗಿಗಳ ಏನಾದ್ರೂ?” ಆ ಗಲಾಟೆಯಲ್ಲಿ ಮೇಷ್ಟ್ರ ಊಟದ ಡಬ್ಬಿ ತುಂಬಲೇ ಇಲ್ಲ.

ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರು ಎಂದಿನಂತೆ, “ನನ್ನ ಕ್ಲಾಸೂ ನೀವೇ ತಗೊಂಡುಬಿಡಿ ಮೇಷ್ಟ್ರೇ” ಅಂದರು.

“ಆಗಲ್ಲ ಸಾರ್.”

ಗುಮಾಸ್ತ ಪಕ್ಕದವನ ಕಿವಿಗೆ ಬಾಗಿದ. “ಒಂಬತ್ತು ವರ್ಷದಲ್ಲಿ ಮೊದಲನೇ ಸಲ! ಇವರಿಗೆ ಬೇರೆ ಕಡೆ ಕೆಲಸ ಸಿಕ್ಕಿದೆ, ಬರೆದಿಟ್ಕೊಳ್ಳಿ.”

ಮಧ್ಯಾಹ್ನದ ಹೊತ್ತಿಗೆ ಆ ಕೆಲಸಕ್ಕೆ ಕಾರೂ ಬಂಗಲೆಯೂ ಸೇರಿಕೊಂಡಿದ್ದವು. ಇಬ್ಬರು ಸಿಹಿ ಹಂಚಿ ಅಂತ ಗಂಟುಬಿದ್ದರು. “ಇಲ್ರೀ, ಯಾವ ಕೆಲಸಾನೂ ಸಿಕ್ಕಿಲ್ಲ!” ಎಂದು ಮೇಷ್ಟ್ರು ಕೂಗಿದರು.

“ಇಷ್ಟು ಖಡಾಖಂಡಿತ ಇಲ್ಲ ಅಂತಾರೆ ಅಂದ್ರೆ ಸಿಕ್ಕೇ ಇದೆ” ಅಂದ ಗುಮಾಸ್ತ.

ಮೂರು ಗಂಟೆಗೆ ಹಸಿದ ಹೊಟ್ಟೆಯಲ್ಲೇ ಮೇಷ್ಟ್ರು ಒಳಗೆ ಹೋದರು. ಪ್ರೊಫೆಸರಮ್ಮನ ಪಕ್ಕದಲ್ಲಿ ಮುಖ ಊದಿಸಿಕೊಂಡು ಮುಖ್ಯಸ್ಥರು ಕೂತಿದ್ದರು. ಅವರು ಆಗಲೇ ಮೇಷ್ಟ್ರ ಬಗ್ಗೆ ಏನೋ ಹೇಳಿ ಮುಗಿಸಿದ ಹಾಗಿತ್ತು.

“ನಿಮ್ಮ ಪ್ರಬಂಧ ಮೂರು ಸಲ ಓದಿದೆ” ಎಂದು ಪ್ರೊಫೆಸರಮ್ಮ ಶುದ್ಧ ಕನ್ನಡದಲ್ಲೇ ಶುರುಮಾಡಿದರು. “ಇಲ್ಲಿ ಜನರ ಜೊತೆ ಹೇಗಿರಬೇಕು ಅಂತ ನನಗೆ ಗೊತ್ತಾಗಿದ್ದೇ ಅದರಿಂದ.”

ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಅದೇ ಧೈರ್ಯದಲ್ಲಿ ಕೇಳಿಯೇಬಿಟ್ಟರು. “ಮೇಡಂ, ನೇರವಾಗಿ ಕೇಳ್ತೀನಿ. ನನ್ನನ್ನ ಕರ್ಕೊಂಡು ಹೋಗ್ತೀರಾ?”

ಪ್ರೊಫೆಸರಮ್ಮ ಮುಖ್ಯಸ್ಥರ ಕಡೆ ನೋಡಿದರು. ಆಮೇಲೆ ಸೂರು ನೋಡಿದರು. ಮೆಲ್ಲಗೆ ಕಿವಿ ತುರಿಸಿಕೊಂಡರು.

“ನೋಡೋಣ” ಅಂದರು. “ಅಂದಹಾಗೆ, ಊಟ ಆಯ್ತಾ?”

ಸೂರು, ಕಿವಿ, ಊಟ, ಮೂರೂ ಒಟ್ಟಿಗೆ ಬಂದರೆ ಆಸೆ ಬಿಟ್ಟುಬಿಡಿ ಎಂದು ಪ್ರಬಂಧದ ನಾಲ್ಕನೇ ಪುಟದಲ್ಲಿ ಬರೆದವರು ಮೇಷ್ಟ್ರೇ. ಅವರು ಮುಖ್ಯಸ್ಥರತ್ತ ತಿರುಗಿದರು.

“ಸಾರ್, ಹಾಗಾದ್ರೆ ಮುಂದಿನ ವರ್ಷ ಇಲ್ಲೇ... ನನ್ನ ಹಳೇ ಕೆಲಸ...”

ಮುಖ್ಯಸ್ಥರು ಕಣ್ಣಿಗೆ ಕಣ್ಣಿಟ್ಟು ನೋಡಿದರು.

“ಆಗಲ್ಲ” ಅಂದರು.

ಇಷ್ಟು ನೇರವಾದ ಉತ್ತರ ಮೇಷ್ಟ್ರಿಗೆ ನಮ್ಮವರಿಂದ ಒಂಬತ್ತು ವರ್ಷದಲ್ಲಿ ಒಂದೂ ಸಿಕ್ಕಿರಲಿಲ್ಲ. ಕೈ ತಾನಾಗಿಯೇ ನೋಟ್‌ಬುಕ್ಕು ತೆಗೆಯಿತು.